ಮೂರು ದಿನದ ಮುಖ, ನೂರು ದಿನದ ಓಟ!

ಮೊದಲೇ ಹೇಳಿಬಿಡುತ್ತೇನೆ ಗೆಳೆಯರೇ, ಇದು ನಾಯಕನಟರ ಸೌಂದರ್ಯ ರಹಸ್ಯದ ಲೇಖನ ಅಲ್ಲ. ಯಾವ ಹೀರೋ ಯಾವ ಸೋಪು ಹಚ್ಚುತ್ತಾನೆ ಎಂದು ತಿಳಿಯುವ ಆಸೆ ಇದ್ದವರು ಪುಟ ಮಗುಚಿ ಮುಂದೆ ಹೋಗಬಹುದು. ಆದರೆ ಕನ್ನಡಿಯ ಮುಂದೆ ನಿಂತು, ಎರಡು ಹೆಬ್ಬೆರಳ ಉಗುರಿನಿಂದ ಗಲ್ಲದ ಮೇಲಿನ ಗುಳ್ಳೆ ಹಿಚುಕಿದ ಅನುಭವ ನಿಮಗಿದ್ದರೆ ದಯವಿಟ್ಟು ಕೂತು ಓದಿ. ಬಸ್ಸು ಇನ್ನೂ ಬಂದಿಲ್ಲ ತಾನೇ?

ಹೋದ ತಿಂಗಳ ಮಾತು. ಹಾನಗಲ್ ಬಸ್ ಸ್ಟ್ಯಾಂಡಿನಲ್ಲಿ ತಿಳವಳ್ಳಿ ಬಸ್ಸಿಗೆ ಕಾಯುತ್ತ ಕೂತಿದ್ದೆ. ಪಕ್ಕಕ್ಕೆ ಒಬ್ಬ ಹುಡುಗ ಬಂದ. ಹದಿನೇಳು ಇರಬಹುದು. ಹೆಗಲಿಗೆ ಕಾಲೇಜು ಬ್ಯಾಗು, ಕೈಯಲ್ಲಿ ಮೊಬೈಲು.

“ಅಣ್ಣಾರ, ಸಿನಿಮಾ ಪೇಪರಿನ್ಯಾಗ ಬರಿತೀರಲ್ಲ, ಅವರಲ್ರೀ ನೀವು?”

ಹೌದಪಾ ಅಂದೆ. ಸಂತೋಷವಾಯಿತು, ಸುಳ್ಳೇಕೆ! ಹುಡುಗ ರೀಲ್ಸ್ ಮಾಡುತ್ತಾನಂತೆ. ಬೆಂಗಳೂರಿಗೆ ಆಡಿಷನ್ನಿಗೆ ಹೋಗಬೇಕಂತೆ. ಮಾತಾಡುತ್ತ ಅವನ ಮುಖ ನೋಡಿದೆ. ಗಲ್ಲ ಎರಡೂ ಕೆಂಪಗೆ, ತೆಳ್ಳಗೆ, ಎಣ್ಣೆ ಕಾಗದದ ಹಾಗೆ ಹೊಳೆಯುತ್ತಿದ್ದವು. ಒಂದು ಗುಳ್ಳೆಯೂ ಇಲ್ಲ. ನಾನು ನೋಡುತ್ತಿರುವುದು ತಿಳಿದು ಹುಡುಗ ನಕ್ಕ. ಬ್ಯಾಗಿನಿಂದ ಒಂದು ಪುಟ್ಟ ಟ್ಯೂಬು ತೆಗೆದ.

“ಭಾಳ ಗುಳ್ಳಿ ಇದ್ದುವ್ರೀ ಅಣ್ಣಾರ. ಇದನ್ನ ಹಚ್ಚಿದ್ಯಾ. ಮೂರ ದಿನದಾಗ ಎಲ್ಲಾ ಕ್ಲೀನ್ ಆತು ನೋಡ್ರಿ!”

ನನ್ನ ಎದೆ ಧಸಕ್ಕೆಂದಿತು. ಯಾಕೆಂದರೆ ಈ ಡೈಲಾಗು ನನ್ನದು! ೨೦೧೪ರಲ್ಲಿ ನಾನೇ ಹೇಳಿದ್ದು, ಒಂದಕ್ಷರವೂ ವ್ಯತ್ಯಾಸವಿಲ್ಲದೆ.

ವರ್ಷವಿಡೀ ಬೆಳೆ

ನಾನು ತಿಳವಳ್ಳಿಯವನು. ೨೦೧೩ರಲ್ಲಿ ಪಿಯುಸಿ ಸೇರಿದಾಗ ನನಗೆ ಹದಿನಾರು. ಆ ಮಳೆಗಾಲದಲ್ಲಿ ಗದ್ದೆಯಲ್ಲಿ ಭತ್ತದ ಸಸಿಯೂ ನನ್ನ ಮುಖದಲ್ಲಿ ಮೊಡವೆಯೂ ಒಟ್ಟಿಗೇ ಎದ್ದವು. ಭತ್ತ ಸುಗ್ಗಿಗೆ ಕೊಯ್ಲಾಯಿತು. ಮೊಡವೆ ಮಾತ್ರ ವರ್ಷವಿಡೀ ಬೆಳೆ!

ಮನೆಯಲ್ಲಿ ಎಲ್ಲರೂ ಡಾಕ್ಟರೇ. “ಮೈಯಾಗ ಉಷ್ಣ ಆಗೇತಿ, ಮಜ್ಜಿಗಿ ಕುಡಿ” ಅಂದಳು ಅವ್ವ. ಅಜ್ಜಿ ಗಂಧ ತೇಯ್ದು ಬಳಿದಳು. ದೊಡ್ಡಪ್ಪ ಮೀಸೆಯಡಿ ನಕ್ಕು, “ಹರೇದ ಗುಳ್ಳಿ ಅವು. ಲಗ್ನ ಮಾಡಿದ್ರ ತಾವ ಹೋಗ್ತಾವ” ಎಂದು ತೀರ್ಪು ಕೊಟ್ಟ. ಹದಿನಾರಕ್ಕೆ ಯಾರು ಸ್ವಾಮೀ ಹೆಣ್ಣು ಕೊಡುತ್ತಾರೆ? ಕ್ಷೌರದಂಗಡಿಯಲ್ಲಿ ಪಟಿಕ ಉಜ್ಜಿದರು. ಗೆಳೆಯರ ಮಾತು ಕೇಳಿ ರಾತ್ರಿ ಹಲ್ಲಿನ ಪೇಸ್ಟು ಮೆತ್ತಿಕೊಂಡು ಮಲಗಿದೆ. ನಿಂಬೆಹಣ್ಣು ತಿಕ್ಕಿದೆ, ಉರಿದು ಕಪ್ಪು ಕಲೆ ಬಿತ್ತು. ದಿನಕ್ಕೆ ಎಂಟು ಸಲ ಸೋಪಿನಲ್ಲಿ ಮುಖ ತೊಳೆದೆ. ಹಳ್ಳದ ಕೆಸರಾದರೂ ಹೋಗುತ್ತಿತ್ತು, ಮೊಡವೆ ಹೋಗಲಿಲ್ಲ.

ಕಾಲೇಜಿನಲ್ಲಿ ನನಗೆ ‘ಗುಳ್ಳಿ ಹೀರೋ’ ಎಂದು ಹೆಸರು ಬಿತ್ತು. ಕೊನೆಯ ಬೆಂಚೇ ಗತಿ. ಬಸ್ಸಿನಲ್ಲಿ ಯಾವ ಕಡೆಯ ಗಲ್ಲದಲ್ಲಿ ಗುಳ್ಳೆ ಕಡಿಮೆಯೋ ಆ ಕಡೆ ಜನರಿಗೆ ಕಾಣುವಂತೆ ನಿಲ್ಲುತ್ತಿದ್ದೆ. ನಗಬೇಡಿ. ನಿಮ್ಮಲ್ಲಿ ಎಷ್ಟು ಮಂದಿ ಹೀಗೆ ನಿಂತಿದ್ದೀರಿ ಎಂದು ನನಗೆ ಗೊತ್ತು.

ಟ್ಯೂಬಿನ ಮ್ಯಾಜಿಕ್

೨೦೧೪ರ ನವೆಂಬರಿನಲ್ಲಿ ಒಂದು ಔಷಧದಂಗಡಿಗೆ ಹೋಗಿ, ತಲೆನೋವಿಗೆ ಗುಳಿಗೆ ಕೇಳಿದ ಹಾಗೆ ಮೊಡವೆಗೆ ಕ್ರೀಮು ಕೇಳಿದೆ. ಚೀಟಿ ಕೇಳಲಿಲ್ಲ, ಗೀಟಿ ಕೇಳಲಿಲ್ಲ. “ಇದನ್ನ ಹಚ್ಚಪಾ, ಎಲ್ಲಾರೂ ಇದನ್ನ ಒಯ್ತಾರ” ಎಂದು ಟ್ಯೂಬು ಕೈಗಿಟ್ಟರು.

ಮೊದಲ ರಾತ್ರಿ ಹಚ್ಚಿದೆ. ಮರುದಿನ ಕೆಂಪು ಇಳಿಯಿತು. ಮೂರನೆಯ ದಿನ ಬೆಳಿಗ್ಗೆ ಕನ್ನಡಿಯಲ್ಲಿ ಬೇರೆ ಯಾರೋ ಇದ್ದ! ನಮ್ಮೂರ ಶಾಂತೇಶ್ವರ ಗುಡಿಯ ಕಂಬದ ಹಾಗೆ ನುಣ್ಣಗೆ, ಬಣ್ಣವೂ ಒಂದು ಕೈ ಬೆಳ್ಳಗೆ. ಅದೇ ಡಿಸೆಂಬರ್ ೨೫ಕ್ಕೆ ‘ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ’ ಬಿಡುಗಡೆ. ಗೆಳೆಯರ ಜೊತೆ ಹಾವೇರಿಗೆ ಹೋಗಿ ನೋಡಿ, ಪೋಸ್ಟರಿನ ಪಕ್ಕ ಯಶ್ ಹಾಗೆಯೇ ಕೈಕಟ್ಟಿ ನಿಂತು ಫೋಟೋ ಹೊಡೆಸಿಕೊಂಡೆ. ಆ ಫೋಟೋ ಈಗಲೂ ನನ್ನ ಹತ್ತಿರ ಇದೆ. ನನ್ನ ಮುಖದ ಒಂದೇ ಒಂದು ಹಿಟ್ ಚಿತ್ರ ಅದು.

ಸಂಕ್ರಾಂತಿ ದಾಟುತ್ತಲೇ ಕಥೆ ತಿರುಗಿತು. ಬಿಸಿಲಿಗೆ ಹೋದರೆ ಗಲ್ಲ ಬೆಂಕಿ. ತಣ್ಣೀರು ಹಾಕಿದರೂ ಉರಿ. ಗಡ್ಡ ಬರದ ಜಾಗದಲ್ಲೂ ಸಣ್ಣ ಕೂದಲು. ಹೆದರಿ ಎರಡು ದಿನ ಕ್ರೀಮು ಬಿಟ್ಟೆ. ಅಷ್ಟೇ! ಕೆಂಪಿರುವೆ ಮುತ್ತಿದ ಹಾಗೆ ಮುಖ ತುಂಬ ಗುಳ್ಳೆ ಎದ್ದವು, ಮೊದಲಿಗಿಂತ ಎರಡು ಪಟ್ಟು. ಮತ್ತೆ ಹಚ್ಚಿದೆ, ಇಳಿದವು. ಬಿಟ್ಟೆ, ಎದ್ದವು. ಬಡ್ಡಿ ಕಟ್ಟಲು ಮತ್ತೊಬ್ಬನ ಹತ್ತಿರ ಸಾಲ ತಂದಂತಾಯಿತು ನನ್ನ ಪಾಡು.

ಫೆಬ್ರವರಿಯಲ್ಲಿ ಬೀಳ್ಕೊಡುಗೆ. ಕ್ಲಾಸಿನ ಗ್ರೂಪ್ ಫೋಟೋ. ನಾನು ಆ ದಿನ ಗೋವಿನಜೋಳದ ಹೊಲದ ಬದುವಿನಲ್ಲಿ ಸಂಜೆಯ ತನಕ ಕೂತಿದ್ದೆ. ಮಾರ್ಚಿನಲ್ಲಿ ಪರೀಕ್ಷೆಗೂ ಹೋಗಲಿಲ್ಲ. ಮೊಡವೆಯಿಂದಲೇ ಪಿಯುಸಿ ಬಿಟ್ಟೆ ಎಂದರೆ ಅರ್ಧ ಸುಳ್ಳಾದೀತು, ಅಕೌಂಟೆನ್ಸಿ ನನ್ನನ್ನು ಅದಕ್ಕೂ ಮೊದಲೇ ಬಿಟ್ಟಿತ್ತು. ಆದರೆ ಬರೆದು ಫೇಲಾಗುವುದು ಬೇರೆ, ಮುಖ ತೋರಿಸಲಾರದೆ ಬಾಗಿಲಿಗೇ ಹೋಗದಿರುವುದು ಬೇರೆ. ಅಪ್ಪ ಒಂದು ಮಾತೂ ಆಡಲಿಲ್ಲ. ಕ್ರೀಮಿನ ಉರಿಗಿಂತ ಅದೇ ಹೆಚ್ಚು ಉರಿಯಿತು.

ಹುಬ್ಬಳ್ಳಿಯಲ್ಲಿ ಇಂಟರ್‌ವಲ್

ಹುಬ್ಬಳ್ಳಿಯಲ್ಲಿ ನನ್ನ ಸೋದರಮಾವ ಆಟೋ ಓಡಿಸುತ್ತಾನೆ. ಜೂನಿನಲ್ಲಿ ಊರಿಗೆ ಬಂದವನು ನನ್ನನ್ನು ನೋಡಿ, “ಏನಲೇ ಇದು ಮಾರಿ, ಸುಟ್ಟ ಬದನಿಕಾಯಿ ಆಗೇತಿ!” ಎಂದು ಮರುದಿನವೇ ಕಿಮ್ಸ್ ಆಸ್ಪತ್ರೆಗೆ ಎಳೆದುಕೊಂಡು ಹೋದ. ಚರ್ಮರೋಗ ವಿಭಾಗದಲ್ಲಿ ಉದ್ದನೆಯ ಪಾಳಿ. ಒಳಗೆ ಒಬ್ಬ ಮೇಡಂ ಡಾಕ್ಟರು. ನನ್ನ ಮುಖ ನೋಡಿದವರು ಮೊದಲು ಕೇಳಿದ್ದು, “ಏನ್ ಹಚ್ಚೀಪಾ? ಟ್ಯೂಬ್ ತಂದೀಯೇನು?”

ತಂದಿದ್ದೆ. ಕನ್ನಡಕ ಏರಿಸಿ ಸಣ್ಣ ಅಕ್ಷರ ಓದಿದರು.

“ತಮ್ಮಾ, ಇದು ಮೊಡವಿ ಔಷಧ ಅಲ್ಲ. ಸ್ಟೀರಾಯ್ಡು.”

ಗೆಳೆಯರೇ, ಸ್ಟೀರಾಯ್ಡ್ ಮುಲಾಮು ಕೆಟ್ಟ ವಸ್ತುವಲ್ಲ. ಇಸುಬಿನಂಥ ಕಾಯಿಲೆಗೆ, ಡಾಕ್ಟರು ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಹಚ್ಚಿದರೆ ಒಳ್ಳೆಯ ಮದ್ದು. ಅದರ ಕೆಲಸ ಉರಿಯೂತವನ್ನು ಅದುಮುವುದು. ಮೊಡವೆಯ ಕೆಂಪು, ಊತ ಎರಡೂ ಉರಿಯೂತವೇ. ಅದಕ್ಕೇ ಮೂರು ದಿನದಲ್ಲಿ ಮಾಯ! ಆದರೆ ಮೊಡವೆಯ ಬೇರು ಹಾಗೆಯೇ ಇರುತ್ತದೆ. ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಒಳಗಿನ ರಕ್ತನಾಳ ಮೇಲೆ ಕಾಣುತ್ತವೆ, ಕೂದಲು ಬೆಳೆಯುತ್ತದೆ, ಸ್ಟೀರಾಯ್ಡೇ ಹೊಸ ಮೊಡವೆ ಎಬ್ಬಿಸುತ್ತದೆ. ಬಿಟ್ಟ ಕೂಡಲೇ ಅದುಮಿಟ್ಟದ್ದೆಲ್ಲ ಒಟ್ಟಿಗೆ ಏಳುತ್ತದೆ. ಕೆಲವು ಟ್ಯೂಬುಗಳಲ್ಲಿ ಇದರ ಜೊತೆ ಬಣ್ಣ ತಿಳಿ ಮಾಡುವ ಹೈಡ್ರೋಕ್ವಿನೋನ್ ಕೂಡ ಸೇರಿರುತ್ತದೆ. ಹುಡುಗರು ‘ಬೆಳ್ಳಗಾದೆ’ ಎಂದು ಖುಷಿಪಟ್ಟು ಮತ್ತೊಂದು ಟ್ಯೂಬು ಕೊಳ್ಳುತ್ತಾರೆ.

ನಾನೊಬ್ಬನೇ ಪೆದ್ದ ಎಂದುಕೊಂಡಿದ್ದೆ. ಅಲ್ಲವಂತೆ! ಭಾರತದ ಚರ್ಮವೈದ್ಯರ ಸಂಘದ ಪತ್ರಿಕೆಯಲ್ಲಿ ೨೦೧೧ರಲ್ಲೇ ಒಂದು ಸಮೀಕ್ಷೆ ಪ್ರಕಟವಾಗಿತ್ತು. ದೇಶದ ಬೇರೆ ಬೇರೆ ಕಡೆ ಮುಖದ ತೊಂದರೆಗೆಂದು ಬಂದ ೨,೯೨೬ ಮಂದಿಯನ್ನು ನೋಡಿದಾಗ ೪೩೩ ಮಂದಿ ಸ್ಟೀರಾಯ್ಡ್ ಹಚ್ಚುತ್ತಿದ್ದವರು. ಅವರಲ್ಲಿ ೧೦೪ ಮಂದಿ ಹಚ್ಚಿದ್ದು ಮೊಡವೆಗೆ. ೧೨೬ ಮಂದಿಗೆ ಅದೇ ಬೆಳ್ಳಗಾಗುವ ಕ್ರೀಮು, ಅದೇ ಶೇವಿಂಗ್ ಆದ ಮೇಲೆ ಹಚ್ಚುವ ಕ್ರೀಮು! ನೂರಕ್ಕೆ ೫೯ ಮಂದಿಗೆ ಅದನ್ನು ಹೇಳಿಕೊಟ್ಟವರು ಡಾಕ್ಟರೇ ಅಲ್ಲ. ನೂರಕ್ಕೆ ೯೦ ಮಂದಿಗೆ ಅಡ್ಡಪರಿಣಾಮ ಆಗಿತ್ತು. ಹೆಚ್ಚು ಜನರಿಗೆ ಆದದ್ದು ಏನು ಗೊತ್ತೇ? ಮೊಡವೆ! ಜೋರಿನ ಸ್ಟೀರಾಯ್ಡ್ ಹೆಚ್ಚಾಗಿ ಹಚ್ಚುತ್ತಿದ್ದವರು ಹಳ್ಳಿ ಮತ್ತು ಪಟ್ಟಣದ ಅಂಚಿನವರು, ಅಂದರೆ ನಮ್ಮಂಥವರು.

೨೦೧೮ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ೧೪ ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ‘ಶೆಡ್ಯೂಲ್ ಎಚ್’ ಪಟ್ಟಿಗೆ ಸೇರಿಸಿತು. ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಕಾನೂನು ಆಯಿತು. ಆದರೂ ಹಾನಗಲ್ ಬಸ್ ಸ್ಟ್ಯಾಂಡಿನ ಹುಡುಗನ ಬ್ಯಾಗಿನಲ್ಲಿ ಟ್ಯೂಬು ಇತ್ತು.

ನೂರು ದಿನ ಓಡಬೇಕು!

“ಹಂಗಾರ ಮೊಡವಿ ಯಾಕ ಬರ್ತಾವ್ರೀ ಮೇಡಂ?” ಎಂದು ಮಾವನೇ ಕೇಳಿದ. ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಚರ್ಮದ ಒಂದೊಂದು ಕೂದಲಿನ ಬುಡದಲ್ಲಿ ಎಣ್ಣೆ ಬಿಡುವ ಗ್ರಂಥಿ ಇದೆ. ಹರೆಯ ಬಂದಾಗ ಹಾರ್ಮೋನು ಏರಿ ಎಣ್ಣೆ ಹೆಚ್ಚಾಗುತ್ತದೆ. ಸತ್ತ ಚರ್ಮದ ಪದರ ಸೇರಿ ರಂಧ್ರದ ಬಾಯಿ ಬಿರಡೆ ಹಾಕಿದಂತೆ ಮುಚ್ಚುತ್ತದೆ. ಒಳಗೆ ಮೊದಲಿನಿಂದಲೂ ಇರುವ ಒಂದು ಜಾತಿಯ ಬ್ಯಾಕ್ಟೀರಿಯಾ ಆ ಎಣ್ಣೆಯಲ್ಲಿ ಹೆಚ್ಚುತ್ತದೆ. ಆಗ ಉರಿಯೂತ, ಕೆಂಪು, ಕೀವು. ಕೊಳೆಯಿಂದ ಬರುವುದಲ್ಲ, ಕೆಟ್ಟ ಯೋಚನೆಯಿಂದಲೂ ಬರುವುದಲ್ಲ! ಹನ್ನೆರಡರಿಂದ ಇಪ್ಪತ್ತನಾಲ್ಕು ವಯಸ್ಸಿನೊಳಗೆ ನೂರಕ್ಕೆ ೮೫ ಮಂದಿಗೆ ಸ್ವಲ್ಪವೋ ಹೆಚ್ಚೋ ಬಂದೇ ಬರುತ್ತದೆ ಎಂದು ಚರ್ಮಶಾಸ್ತ್ರ ಹೇಳುತ್ತದೆ.

ನನ್ನ ಸ್ಟೀರಾಯ್ಡು ನಿಂತಿತು. ಮೊದಲ ಆರು ವಾರ ನರಕ. ಕುಡಿಯಲು ಡಾಕ್ಸಿಸೈಕ್ಲಿನ್ ಗುಳಿಗೆ, ಲೋಟ ತುಂಬ ನೀರಿನೊಂದಿಗೆ ನುಂಗಬೇಕು, ನುಂಗಿದ ತಕ್ಷಣ ಮಲಗಬಾರದು, ಬಿಸಿಲಿಗೆ ಮುಖ ಒಡ್ಡಬಾರದು. ಹಚ್ಚಲು ವಾಸನೆಯಿಲ್ಲದ ಮಾಯಿಶ್ಚರೈಸರ್, ಹಗಲು ಸನ್‌ಸ್ಕ್ರೀನ್, ಅಷ್ಟೇ. ಕನ್ನಡಿಯನ್ನು ಅವ್ವ ಗೋಡೆಯ ಕಡೆ ತಿರುಗಿಸಿಟ್ಟಿದ್ದಳು.

ಚರ್ಮ ಚೇತರಿಸಿದ ಮೇಲೆ ನಿಜವಾದ ಮೊಡವೆ ಮದ್ದು. ರಾತ್ರಿ ಅಡಾಪಲೀನ್ ಜೆಲ್, ಮುಖಕ್ಕೆಲ್ಲ ಸೇರಿ ಬಟಾಣಿ ಕಾಳಿನಷ್ಟು. ಅದು ರಂಧ್ರದ ಬಿರಡೆ ಬಿಡಿಸುವ ಮದ್ದು. ಬೆಳಿಗ್ಗೆ ಬೆಂಜಾಯಿಲ್ ಪೆರಾಕ್ಸೈಡ್, ಬ್ಯಾಕ್ಟೀರಿಯಾ ಕೊಲ್ಲುವುದು. ಶೇಕಡಾ ೨.೫ರದ್ದೇ ಸಾಕು, ೧೦ರದ್ದು ಹಚ್ಚಿದರೆ ಗುಣ ಹೆಚ್ಚಲ್ಲ, ಉರಿ ಹೆಚ್ಚು. ಒಂದು ಎಚ್ಚರಿಕೆ ಹೇಳಿರಲಿಲ್ಲವೋ, ನಾನೇ ಕೇಳಿಸಿಕೊಳ್ಳಲಿಲ್ಲವೋ, ಅದು ಬಟ್ಟೆಯ ಬಣ್ಣ ತಿನ್ನುತ್ತದೆ. ಅಪ್ಪನ ಕೆಂಪು ಟವೆಲ್ಲಿನಲ್ಲಿ ನನ್ನ ಮುಖದ ಅಚ್ಚು ಬಿಳಿಯಾಗಿ ಮೂಡಿತು! ಎಷ್ಟೋ ತಿಂಗಳ ನಂತರ ಅಪ್ಪ ನನ್ನ ಜೊತೆ ಮಾತಾಡಿದ್ದೇ ಆ ಟವೆಲ್ಲಿನಿಂದ. “ಮಾರಿ ಕ್ಲೀನ್ ಆಗೂದು ಇರ್ಲಿ, ನನ್ನ ಟವೆಲ್ ಕ್ಲೀನ್ ಮಾಡಿದೆಲ್ಲೋ ಮಗನ” ಎಂದು ನಕ್ಕುಬಿಟ್ಟ.

ಎರಡು ವಾರದಲ್ಲಿ ಗುಣ ಕಾಣದೆ, ಬದಲು ಸಿಪ್ಪೆ ಎದ್ದು, ಗುಳ್ಳೆ ಇನ್ನೂ ಹೆಚ್ಚಾದಂತೆ ಕಂಡು ಹುಬ್ಬಳ್ಳಿಗೆ ಓಡಿದೆ. ಡಾಕ್ಟರು ಬೈದರು. “ಮೊದಲ ಹಂಗ ಆಗ್ತೈತಿ. ಹನ್ನೆರಡು ವಾರ ಬಿಡದ ಹಚ್ಚು, ಆಮ್ಯಾಲೆ ಬಂದು ಹೇಳು. ಪಿಕ್ಚರ್ ನೋಡ್ತಿಯಲ್ಲ? ಇದು ಮೂರು ದಿನದ್ದಲ್ಲ, ನೂರು ದಿನದ್ದು.”

ನನಗೆ ಅರ್ಥವಾಗುವ ಭಾಷೆಯಲ್ಲಿ ಅದುವರೆಗೆ ಯಾರೂ ಹೇಳಿರಲಿಲ್ಲ! ‘ಬಂಗಾರದ ಮನುಷ್ಯ’ ೧೯೭೨ರಲ್ಲಿ ಬೆಂಗಳೂರಿನ ಸ್ಟೇಟ್ಸ್ ಟಾಕೀಸಿಗೆ ಬಂದು ಎರಡು ವರ್ಷ ಓಡಿತು. ಅದನ್ನು ಮೂರನೆಯ ದಿನ ತೆಗೆದುಹಾಕಿದ್ದರೆ? ಗೋಡೆಗೆ ಕ್ಯಾಲೆಂಡರು ತೂಗುಹಾಕಿ, ದಿನಕ್ಕೊಂದು ಗೀಟು ಎಳೆದೆ. ಐವತ್ತನೆಯ ದಿನಕ್ಕೆ ಹೊಸ ಗುಳ್ಳೆ ಕಡಿಮೆ. ನೂರನೆಯ ದಿನಕ್ಕೆ ಮುಖ ಮುಖದಂತೆ ಕಂಡಿತು. ಪೂರ್ತಿ ತಿಳಿಯಾಗಲು ಸಿಲ್ವರ್ ಜ್ಯೂಬಿಲಿಯೇ ಬೇಕಾಯಿತು, ೨೫ ವಾರ. ಉಗುರಿನಿಂದ ಹಿಚುಕಿದ ಕಡೆ ಎಡಗಲ್ಲದಲ್ಲಿ ಎರಡು ಕುಳಿ ಈಗಲೂ ಇವೆ. ಅವು ಮಾತ್ರ ಹೋಗಲಿಲ್ಲ.

ಬಣ್ಣದ ಮನೆಯಲ್ಲಿ ಕಂಡದ್ದು

ಮುಂದೆ ಬರೆಯುವ ಹುಚ್ಚು ಹಿಡಿದು, ಪತ್ರಿಕೆಗಳಿಗೆ ಸುದ್ದಿ ಕೊಡುತ್ತ ಬೆಂಗಳೂರಿನ ಶೂಟಿಂಗುಗಳಿಗೆ ಹೋಗತೊಡಗಿದೆ. ಒಮ್ಮೆ ಹಿರಿಯ ಮೇಕಪ್ ಕಲಾವಿದರೊಬ್ಬರು ನನ್ನ ಗಲ್ಲದ ಕುಳಿ ನೋಡಿ, “ಇದಕ್ಯಾಕಪ್ಪಾ ಮುಖ ಮುಚ್ಚಿಕೊಳ್ತೀಯ? ಬಾ ಇಲ್ಲಿ” ಎಂದು ಪೆಟ್ಟಿಗೆ ತೆರೆದು ತೋರಿಸಿದರು. ಕೆಂಪು ಗುಳ್ಳೆ ಮುಚ್ಚಲು ಮೊದಲು ಹಸಿರು ಬಣ್ಣದ ಲೇಪ! ಹಸಿರು ಕೆಂಪನ್ನು ತಿನ್ನುತ್ತದೆ. ಕಪ್ಪು ಕಲೆಗೆ ಕಿತ್ತಳೆ. ಅದರ ಮೇಲೆ ಚರ್ಮದ ಬಣ್ಣದ ಫೌಂಡೇಶನ್, ಅದರ ಮೇಲೆ ಪೌಡರು. ಆಮೇಲೆ ಕ್ಯಾಮೆರಾಮನ್ನರ ಮೆದು ಬೆಳಕು. ಇಷ್ಟಾದ ಮೇಲೂ ಉಳಿದದ್ದನ್ನು ಕಂಪ್ಯೂಟರಿನಲ್ಲಿ ಬಣ್ಣ ತಿದ್ದುವಾಗ ಒರೆಸುತ್ತಾರೆ. ಪೋಸ್ಟರಿನ ಮುಖಕ್ಕೆ ಮತ್ತೊಂದು ಸುತ್ತು ಟಚಪ್.

“ನಾನು ಬಣ್ಣ ಹಚ್ಚಿದ ಹೀರೋಗಳಲ್ಲಿ ಮೊಡವೆ ಇಲ್ಲದವರು ಕಮ್ಮಿ ಕಣಪ್ಪಾ. ಬಣ್ಣವೇ ಮೊಡವೆ ತರ್ತದೆ” ಅಂದರು. ಅದು ನಿಜ. ಬಣ್ಣದಿಂದ ಬರುವ ಮೊಡವೆಗೆ ಅಮೆರಿಕದ ಚರ್ಮವೈದ್ಯರು ೧೯೭೨ರಲ್ಲೇ ‘ಆಕ್ನೆ ಕಾಸ್ಮೆಟಿಕಾ’ ಎಂದು ಹೆಸರಿಟ್ಟಿದ್ದಾರೆ. ಅಂದರೆ ನಾವು ಯಾವ ಮುಖ ನೋಡಿ ನಾಚಿಕೊಂಡು ಟ್ಯೂಬು ಹಚ್ಚಿದೆವೋ, ಆ ಮುಖ ಆ ನಟನಿಗೂ ಇರಲಿಲ್ಲ!

ಬಣ್ಣದಿಂದ ಮುಚ್ಚದೆಯೂ ಗೆದ್ದವರಿದ್ದಾರೆ. ಓಂ ಪುರಿಯವರ ಮುಖ ತುಂಬ ಕುಳಿ. ಆ ಮುಖವನ್ನೇ ಹೊತ್ತು ‘ಆರೋಹಣ್’ (೧೯೮೨), ‘ಅರ್ಧಸತ್ಯ’ (೧೯೮೩) ಚಿತ್ರಗಳಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಪಡೆದರು. ನಮ್ಮ ಶಿವಣ್ಣನ ‘ಎಕೆ ೪೭’ (೧೯೯೯) ಚಿತ್ರದಲ್ಲಿ ಅವರನ್ನು ಕಂಡವರು ಕುಳಿ ನೆನಪಿಡಲಿಲ್ಲ, ಕಣ್ಣು ನೆನಪಿಟ್ಟರು. ನಾನು ಮನೆಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ ೨೦೧೫ರ ಮೇ ತಿಂಗಳಲ್ಲೇ ಮಲಯಾಳಂನಲ್ಲಿ ‘ಪ್ರೇಮಂ’ ಬಂತು. ಸಾಯಿ ಪಲ್ಲವಿ ಗಲ್ಲದ ಮೊಡವೆ ಸಹಿತ ತೆರೆಯ ಮೇಲೆ ಬಂದರು, ಪಡ್ಡೆ ಹುಡುಗರೆಲ್ಲ ಬಿದ್ದೇಬಿಟ್ಟರು! ನೀಲಗಿರಿಯ ಬಡಗ ಸಮುದಾಯದ ಹೆಣ್ಣುಮಗಳು ಅವರು. ಬಡಗರ ಮಾತು ನಮ್ಮ ಕನ್ನಡದ ಹತ್ತಿರದ ನೆಂಟ. ತಮ್ಮ ಮೊಡವೆಯ ಬಗ್ಗೆ ತಮಗೇ ಅಳುಕಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ಬೆಳ್ಳಗಾಗುವ ಕ್ರೀಮಿನ ಜಾಹೀರಾತು ಬಂದಾಗ ಒಲ್ಲೆ ಅಂದದ್ದು ೨೦೧೯ರಲ್ಲಿ ದೊಡ್ಡ ಸುದ್ದಿಯಾಯಿತು.

ಹಾಗಾದರೆ ಮಾಡುವುದೇನು?

ನಾನು ಡಾಕ್ಟರಲ್ಲ, ಪಿಯುಸಿಯೂ ಮುಗಿಸದವನು. ಡಾಕ್ಟರಿಂದ ಕಲಿತು, ಮೈಮೇಲೆ ಪಟ್ಟು ತಿಳಿದದ್ದನ್ನು ಹೇಳುತ್ತೇನೆ.

ಮುಖಕ್ಕೆ ಏನು ಹಚ್ಚುವ ಮೊದಲೂ ಟ್ಯೂಬಿನ ಸಣ್ಣ ಅಕ್ಷರ ಓದಿ. ಬೆಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್, ಫ್ಲೂಸಿನೊಲೋನ್, ಈ ಹೆಸರುಗಳಲ್ಲಿ ಒಂದಿದ್ದರೂ ಅದು ಸ್ಟೀರಾಯ್ಡು. ಡಾಕ್ಟರು ಬರೆದುಕೊಡದೆ ಹಚ್ಚಬೇಡಿ. ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದ್ದರೆ ನಿಮ್ಮ ಪಾಡಿಗೆ ಹೋರಾಡಬೇಡಿ, ಟ್ಯೂಬು ಹಿಡಿದುಕೊಂಡೇ ಚರ್ಮದ ಡಾಕ್ಟರ ಹತ್ತಿರ ಹೋಗಿ. ಬೈದರೆ ಬೈಸಿಕೊಳ್ಳಿ.

ದಿನಕ್ಕೆ ಎರಡೇ ಸಲ, ಮೆದು ಫೇಸ್‌ವಾಶಿನಲ್ಲಿ, ಕೈಯಿಂದ ತೊಳೆಯಿರಿ. ಉಜ್ಜಬೇಡಿ, ಹಿಚುಕಬೇಡಿ. ಕೊಳ್ಳುವಾಗ ‘ನಾನ್ ಕಾಮೆಡೋಜೆನಿಕ್’ ಎಂದು ಬರೆದದ್ದು ಕೊಳ್ಳಿ, ಅಂದರೆ ರಂಧ್ರ ಮುಚ್ಚದಂಥದ್ದು. ತಲೆಗೆ ಹಚ್ಚಿದ ಎಣ್ಣೆ ಹಣೆಗೆ ಇಳಿಯದಂತೆ ನೋಡಿಕೊಳ್ಳಿ. ಮಿರ್ಚಿ, ಗಿರ್ಮಿಟ್ಟಿನ ಮೇಲೆ ಸುಮ್ಮನೆ ಅಪವಾದ ಹೊರಿಸುತ್ತಾರೆ, ಬಲವಾದ ಸಾಕ್ಷಿ ಇಲ್ಲ. ಸಕ್ಕರೆ ತಿಂಡಿ ಹೆಚ್ಚಾದರೆ ಕೆಲವರಿಗೆ ಮೊಡವೆ ಹೆಚ್ಚುತ್ತದೆ. ಸಿಕ್ಸ್‌ಪ್ಯಾಕ್ ಆಸೆಗೆ ಜಿಮ್ಮಿನಲ್ಲಿ ವ್ಹೇ ಪೌಡರ್ ಕುಡಿಯುವವರೂ ಗಮನಿಸಿ. ಯಾರಾದರೂ ಮೈಕಟ್ಟಿಗೆ ಇಂಜೆಕ್ಷನ್ ಕೊಡುತ್ತೇನೆ ಎಂದರೆ ಅಲ್ಲಿಂದ ಓಡಿ!

ಗಂಟುಗಂಟಾಗಿ ನೋಯುವ ಮೊಡವೆ, ಬೆನ್ನು ಎದೆಗೆಲ್ಲ ಹರಡಿದ ಮೊಡವೆ, ಕುಳಿ ಬೀಳುವ ಮೊಡವೆ, ಇವಕ್ಕೆ ಅಂಗಡಿ ಮದ್ದು ಸಾಲದು. ತಡ ಮಾಡಿದಷ್ಟೂ ಕಲೆ ಉಳಿಯುತ್ತದೆ. ಅದಕ್ಕೆ ಐಸೋಟ್ರೆಟಿನಾಯಿನ್ ಎಂಬ ಬಲವಾದ ಗುಳಿಗೆ ಇದೆ. ರಕ್ತಪರೀಕ್ಷೆ ಮಾಡಿಸಿ, ಡಾಕ್ಟರ ನಿಗಾದಲ್ಲೇ ನುಂಗಬೇಕಾದ ಮದ್ದು ಅದು. ಅಕ್ಕತಂಗಿಯರಿಗೆ ನಿಮ್ಮ ಗುಳಿಗೆ ಎಂದೂ ಕೊಡಬೇಡಿ, ಗರ್ಭದ ಮಗುವಿಗೆ ಅದರಿಂದ ದೊಡ್ಡ ಅಪಾಯ. ಮತ್ತೆ, ಮುಖದ ಚಿಂತೆಯಿಂದ ಊಟ ಸೇರದೆ, ನಿದ್ದೆ ಬಾರದೆ, ಬದುಕೇ ಬೇಡ ಅನಿಸಿದರೆ ಅದನ್ನೂ ಡಾಕ್ಟರಿಗೆ ಹೇಳಿ. ಹೊಲದ ಬದುವಿನಲ್ಲಿ ಒಬ್ಬನೇ ಕೂರಬೇಡಿ. ನಾನು ಕೂತಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಕೊನೆಯ ಸೀನು

ಬಸ್ ಸ್ಟ್ಯಾಂಡಿನಲ್ಲಿ ಆ ಹುಡುಗನಿಗೆ ಇಷ್ಟೂ ಕಥೆ ಹೇಳಿದೆ. ಟ್ಯೂಬಿನ ಹಿಂದಿನ ಅಕ್ಷರ ಅವನಿಂದಲೇ ಓದಿಸಿದೆ. ಹುಡುಗನ ಮುಖ ಸಪ್ಪಗಾಯಿತು.

“ಬರೋಬ್ಬರಿ ಆಗಾಕ ಎಷ್ಟ ದಿನ ಬೇಕ್ರಿ ಅಣ್ಣಾರ?”

“ನೂರು ದಿನಾನಾದ್ರೂ ಬೇಕು.”

“ನೂರು ದಿನಾ? ಈಗ ಯಾವ ಪಿಕ್ಚರೂ ನೂರು ದಿನ ಓಡಂಗಿಲ್ರೀ!”

ಇಬ್ಬರೂ ನಕ್ಕೆವು. ಮಾವನ ಫೋನ್ ನಂಬರು ಕೊಟ್ಟೆ, ಹುಬ್ಬಳ್ಳಿಗೆ ಹೋದರೆ ಆಸ್ಪತ್ರೆಯ ಬಾಗಿಲ ತನಕ ಬಿಡುತ್ತಾನೆ. ಟ್ಯೂಬನ್ನು ಎಸೆದನೋ ಇಲ್ಲವೋ ಕಾಣೆ, ಬ್ಯಾಗಿಗೆ ಹಾಕಿಕೊಂಡದ್ದು ಮಾತ್ರ ನೋಡಿದೆ. ಎರಡು ವಾರದ ನಂತರ ಮಾವ ಫೋನ್ ಮಾಡಿದ. “ನಿಮ್ಮ ಕಡೆ ಹುಡುಗ ಒಬ್ಬ ಬಂದಿದ್ದನಪಾ, ಮಾರಿ ನಿನ್ನಂಗ ಆಗಿತ್ತು.”

ಈ ಲೇಖನಕ್ಕೆ ನನ್ನ ಫೋಟೋ ಬೇಕೆಂದು ಸಂಪಾದಕರು ಕೇಳಿದರು. ಕ್ಲಾಸಿನ ಗ್ರೂಪ್ ಫೋಟೋದಲ್ಲಿ ನಾನಿಲ್ಲ, ಇದರಲ್ಲಾದರೂ ಇರೋಣ ಎಂದು ಕಳಿಸಿದ್ದೇನೆ. ಎಡಗಲ್ಲದ ಎರಡು ಕುಳಿ ಕಾಣುವಂತೆ ತೆಗೆಸಿದ್ದು. ಟಚಪ್ ಮಾಡಬೇಡಿ ಎಂದು ಬರೆದಿದ್ದೇನೆ.